ನಮಗಿಂತ ಮೊದಲು ಲೋಕಲ್ ಹತ್ತುವ ಮರಳಿನ ಮೂಟೆಗಳು

ಥಾಣೆ, ಡೊಂಬಿವಲಿ, ಕಲ್ಯಾಣ್ ಕಡೆ ನೆಲೆಸಿರುವ ನಮ್ಮ ಕನ್ನಡಿಗರಿಗೆ ಲೋಕಲ್ ರೈಲಿನ ಬಗ್ಗೆ ಹೊಸದಾಗಿ ಹೇಳಿಕೊಡಬೇಕಾದ್ದು ಏನೂ ಇಲ್ಲ. ಯಾವ ಫಾಸ್ಟ್ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಯಾವ ಡಬ್ಬಿಯಲ್ಲಿ ಭಜನೆಯವರು ಇರುತ್ತಾರೆ, ಫೋರ್ತ್ ಸೀಟಿನ ತುದಿಯಲ್ಲಿ ಅರ್ಧ ಕೂತು ದಾದರ್ ತನಕ ಹೇಗೆ ಸಾಗುವುದು... ಎಲ್ಲ ಬಾಯಿಪಾಠ. ಊರಿನಿಂದ ಬಂದ ನೆಂಟರಿಗೆ ನಾವೇ ಗೈಡು! ಆದರೆ ಒಂದು ಸಣ್ಣ ಪ್ರಶ್ನೆ ಕೇಳುತ್ತೇನೆ. ಹೊಸ ಲೋಕಲ್ ಗಾಡಿಯೊಂದು ಸೇವೆಗೆ ಬಂದ ದಿನ ಹೂವಿನ ಹಾರ, ತೆಂಗಿನಕಾಯಿ, ಮಂತ್ರಿಗಳ ಹಸಿರು ಬಾವುಟ ಎಲ್ಲ ಇರುತ್ತದಲ್ಲ, ಅದಕ್ಕಿಂತ ಮೊದಲೇ ಆ ಗಾಡಿಯಲ್ಲಿ ಪ್ರಯಾಣ ಮಾಡಿ ಮುಗಿಸಿದವರು ಯಾರು?

ಉತ್ತರ: ಮರಳಿನ ಮೂಟೆಗಳು. ತಮಾಷೆಯಲ್ಲ. ಹೊಸ ಬಗೆಯ ಗಾಡಿ ಬಂದಾಗ ಅದನ್ನು ಒಮ್ಮೆ ಖಾಲಿ ಓಡಿಸುತ್ತಾರೆ, ಇನ್ನೊಮ್ಮೆ ತುಂಬಿ ಓಡಿಸುತ್ತಾರೆ. ತುಂಬಲು ಜನರನ್ನು ಕರೆಯುವಂತಿಲ್ಲ. ಅದಕ್ಕೇ ಸೀಟಿನ ಮೇಲೆ, ಸೀಟುಗಳ ನಡುವೆ, ಬಾಗಿಲ ಬಳಿ ಲೆಕ್ಕ ಹಾಕಿ ಮೂಟೆ ಜೋಡಿಸುತ್ತಾರೆ. ಮೆಟ್ರೋ ಗಾಡಿಗಳ ವಿನ್ಯಾಸದಲ್ಲಿ ಒಬ್ಬ ಪ್ರಯಾಣಿಕನೆಂದರೆ 65 ಕಿಲೋ. ಅಂದರೆ ರೈಲಿನ ಇಂಜಿನಿಯರುಗಳ ಲೆಕ್ಕಪತ್ರದಲ್ಲಿ ನೀವು, ನಾನು, ಎದುರು ಮನೆಯ ಕುಲಕರ್ಣಿಯವರು ಎಲ್ಲರೂ ಒಂದಷ್ಟು ಕಿಲೋ ಮರಳು. ಇದರಲ್ಲಿ ಅವಮಾನವೇನೂ ಇಲ್ಲ. ಆದರೆ ಮರಳಿಗೂ ಮನುಷ್ಯನಿಗೂ ಇರುವ ವ್ಯತ್ಯಾಸವೇ ನಮ್ಮ ಲೋಕಲ್‌ನ ನೂರೆಪ್ಪತ್ತು ವರ್ಷಗಳ ಪರೀಕ್ಷೆಯ ಕಥೆ ಎಂದು ನನಗೆ ಅನ್ನಿಸುತ್ತದೆ. ಆ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಭಾರತದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿ ಬಂದರ್‌ನಿಂದ ಥಾಣೆಗೆ ಓಡಿತು ಎನ್ನುವುದು ಶಾಲೆಯ ಮಕ್ಕಳಿಗೂ ಗೊತ್ತು. ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಇಂಜಿನ್, 14 ಡಬ್ಬಿ, ಸುಮಾರು 400 ಅತಿಥಿಗಳು. ಆದರೆ ಅದಕ್ಕೆ ಐದು ತಿಂಗಳ ಮುಂಚೆ, 1852ರ ನವೆಂಬರ್ 18ರಂದೇ, ಇದೇ ಹಳಿಯ ಮೇಲೆ ಒಂದು ಪರೀಕ್ಷಾ ಓಟ ನಡೆದಿತ್ತು ಎನ್ನುವುದು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯ, ಅಂದರೆ ಜಿಐಪಿಯ, ನಿರ್ದೇಶಕರು ತಮ್ಮ ಸ್ನೇಹಿತರ ಜೊತೆ ಥಾಣೆಗೆ ಹೋಗಿ ಬಂದರು. ಅದಕ್ಕೂ ಮುಂಚೆ, ಅದೇ ವರ್ಷದ ಆರಂಭದಲ್ಲಿ, ಆಗಿನ ಗವರ್ನರ್ ಫಾಕ್‌ಲ್ಯಾಂಡ್ ಅವರ ಹೆಸರಿಟ್ಟ ಇಂಜಿನ್ ಬೈಕುಲಾ ಕಡೆ ಶಂಟಿಂಗ್ ಕೆಲಸ ಮಾಡುತ್ತಿತ್ತು.

ಗಮನಿಸಿ, ನಮ್ಮ ಹಳಿಯ ಮೇಲಿನ ಆ ಮೊದಲ ಪರೀಕ್ಷೆಗೆ ಮರಳು ಬೇಕಾಗಲಿಲ್ಲ. ಬಂಡವಾಳ ಹಾಕಿದ ಕಂಪನಿಯ ಯಜಮಾನರೇ ಗಾಡಿಯಲ್ಲಿ ಕೂತರು! ಇಂಜಿನ್ ಎಳೆಯುತ್ತದೆಯೇ, ಸೇತುವೆ ನಿಲ್ಲುತ್ತದೆಯೇ, ಹಳಿ ಜಾರುತ್ತದೆಯೇ... ಇಷ್ಟೇ ಅವತ್ತಿನ ಪ್ರಶ್ನೆ. ನೂಕುನುಗ್ಗಲಿನ ಮಾತೇ ಇರಲಿಲ್ಲ, ಏಕೆಂದರೆ ನೂಕಲು ಯಾರೂ ಇರಲಿಲ್ಲ. 1854ರ ಮೇ 1ರಂದು ಮಾರ್ಗ ಥಾಣೆಯ ಖಾಡಿ ದಾಟಿ ಕಲ್ಯಾಣ್ ಮುಟ್ಟಿತು. ಆಗ ಡೊಂಬಿವಲಿ ಒಂದು ಹಳ್ಳಿ.

ಇನ್ನು ವಿದ್ಯುತ್ತಿಗೆ ಬರೋಣ. 1925ರ ಫೆಬ್ರವರಿ 3ರಂದು ಅಂದಿನ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಹಾರ್ಬರ್ ಮಾರ್ಗದಲ್ಲಿ ದೇಶದ ಮೊದಲ ಎಲೆಕ್ಟ್ರಿಕ್ ರೈಲು ಓಡಿತು. ಚಾಲನೆ ಕೊಟ್ಟವರು ಮುಂಬಯಿ ಗವರ್ನರ್ ಸರ್ ಲೆಸ್ಲಿ ವಿಲ್ಸನ್. ನಾಲ್ಕು ಡಬ್ಬಿಯ ಗಾಡಿ, 1,500 ವೋಲ್ಟ್ ಡಿಸಿ ವಿದ್ಯುತ್ತು. ಡಬ್ಬಿಗಳು ಇಂಗ್ಲೆಂಡ್ ಮತ್ತು ಜರ್ಮನಿಯಿಂದ ಹಡಗಿನಲ್ಲಿ ಬಂದಿದ್ದವು. 2025ರ ಫೆಬ್ರವರಿಯಲ್ಲಿ ಇದಕ್ಕೆ ನೂರು ತುಂಬಿತು. ಮುಂದಿನ ಕೆಲವೇ ವರ್ಷಗಳಲ್ಲಿ ತಂತಿ ಥಾಣೆ, ಕಲ್ಯಾಣ್ ದಾಟಿ ಘಾಟಿ ಹತ್ತಿತು. ಇದಕ್ಕೆ ಬೇಕಾದ ವಿದ್ಯುತ್ತಿಗಾಗಿ ಜಿಐಪಿ ಕಂಪನಿ ತನ್ನದೇ ಪವರ್ ಹೌಸ್ ಕಟ್ಟಿಸಿತು. ಎಲ್ಲಿ ಗೊತ್ತೇ? ನಮ್ಮ ಠಾಕುರ್ಲಿಯಲ್ಲಿ! ಚೋಳಾ ಪವರ್ ಹೌಸ್ ಎಂದೇ ಹೆಸರಾದ ಅದು 1980ರ ದಶಕದಲ್ಲಿ ಮುಚ್ಚಿತು. ಡೊಂಬಿವಲಿಯಲ್ಲಿ ಬಹಳ ವರ್ಷಗಳಿಂದ ಇರುವ ಹಿರಿಯರಿಗೆ ಅದರ ಚಿಮಣಿ ಕಣ್ಣಿಗೆ ಕಟ್ಟಿದಂತಿರಬಹುದು.

ಎಲೆಕ್ಟ್ರಿಕ್ ಗಾಡಿ ಬಂದ ಮೇಲೆ ಪರೀಕ್ಷೆಯ ಸ್ವರೂಪವೇ ಬದಲಾಯಿತು. ಉಗಿ ಇಂಜಿನ್ನಿನಲ್ಲಿ ಶಕ್ತಿ ಇಂಜಿನ್ನಿನೊಳಗೇ ಇತ್ತು. ಇಲ್ಲಿ ಹಾಗಲ್ಲ. ಪವರ್ ಹೌಸ್, ಸಬ್‌ಸ್ಟೇಷನ್, ಮೇಲಿನ ತಂತಿ, ಗಾಡಿಯ ಮೇಲಿನ ಪ್ಯಾಂಟೋಗ್ರಾಫ್, ಕೆಳಗಿನ ಮೋಟರು, ಕೊನೆಗೆ ಕರೆಂಟು ವಾಪಸು ಹೋಗುವ ಹಳಿ - ಇಷ್ಟೂ ಸೇರಿದರೆ ಒಂದು ಯಂತ್ರ. ಗಾಡಿಯೊಂದನ್ನೇ ನೋಡಿ ಪಾಸು ಮಾಡುವಂತಿಲ್ಲ, ಅದು ಓಡಬೇಕಾದ ದಾರಿಯ ಜೊತೆಗೇ ಅದನ್ನು ನೋಡಬೇಕು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಮತ್ತೆ ಬರುತ್ತದೆ.

ಪರೀಕ್ಷೆ ಮಾಡುವವರು ಯಾರು ಎನ್ನುವುದೂ ಮುಖ್ಯ. ಬ್ಯಾಂಕಿನಲ್ಲಿ ಕೆಲಸ ಮಾಡುವ ನಮಗೆ ಮೊದಲ ದಿನವೇ ಕಲಿಸುವ ಪಾಠ, ವೋಚರ್ ಬರೆದವನೇ ಅದನ್ನು ಪಾಸು ಮಾಡಬಾರದು. ಒಬ್ಬ ಬರೆಯಬೇಕು, ಇನ್ನೊಬ್ಬ ನೋಡಿ ಸಹಿ ಹಾಕಬೇಕು. ರೈಲ್ವೆಯಲ್ಲೂ ಇದೇ ತತ್ವ ಇದೆ. 1890ರ ರೈಲ್ವೆ ಕಾಯ್ದೆಯ ಕಾಲದಿಂದಲೂ ಸರ್ಕಾರಿ ಇನ್‌ಸ್ಪೆಕ್ಟರುಗಳು ಇದ್ದರು. ಆದರೆ ಅವರು ರೈಲ್ವೆ ಬೋರ್ಡಿನ ಕೈಕೆಳಗೇ ಇದ್ದರೆ ನಿಷ್ಪಕ್ಷಪಾತವಾಗಿ ಹೇಗೆ ನೋಡಿಯಾರು ಎಂಬ ಪ್ರಶ್ನೆ ಎದ್ದು, 1941ರಲ್ಲಿ ಅವರನ್ನು ಬೋರ್ಡಿನಿಂದ ಬೇರ್ಪಡಿಸಿದರು. 1961ರಲ್ಲಿ ಆ ಹುದ್ದೆಗೆ ರೈಲ್ವೆ ಸುರಕ್ಷತಾ ಆಯುಕ್ತ ಎಂಬ ಹೆಸರು ಬಂತು. ಈ ಆಯುಕ್ತರು ಇವತ್ತಿಗೂ ರೈಲ್ವೆ ಸಚಿವಾಲಯದ ಕೆಳಗಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗಿದ್ದಾರೆ. ರೈಲಿನ ತಪಾಸಣೆ ವಿಮಾನದ ಇಲಾಖೆಗೆ! ಕೇಳಲು ವಿಚಿತ್ರ, ಆದರೆ ವ್ಯವಸ್ಥೆ ಸರಿಯಾಗಿಯೇ ಇದೆ. ಗಾಡಿ ಓಡಿಸುವವರ ಅವಸರ ತಪಾಸಣೆ ಮಾಡುವವರ ಪೆನ್ನಿಗೆ ತಗುಲಬಾರದಲ್ಲ.

ತಾಂತ್ರಿಕ ಅಳತೆಯ ಕೆಲಸ ಲಖನೌದಲ್ಲಿರುವ ಆರ್‌ಡಿಎಸ್‌ಒ ಎಂಬ ಸಂಸ್ಥೆಯದು. 1957ರಲ್ಲಿ ಹುಟ್ಟಿದ ರೈಲ್ವೆಯ ಸಂಶೋಧನಾ ಸಂಸ್ಥೆ ಇದು. ಚೆನ್ನೈನ ಪೆರಂಬೂರಿನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯಿಂದ, ಅಂದರೆ ಐಸಿಎಫ್‌ನಿಂದ, ಹೊಸ ರೇಕ್ ಕುರ್ಲಾಕ್ಕೋ ಕಳವಾ ಕಾರ್‌ಶೆಡ್ಡಿಗೋ ಸಾನ್ಪಾಡಾಕ್ಕೋ ಬಂದಿತೆನ್ನಿ. ಮೊದಲು ಶೆಡ್ಡಿನಲ್ಲಿ ನಿಂತಲ್ಲೇ ಪರೀಕ್ಷೆ. ಗಾಲಿ, ಬ್ರೇಕು, ವೈರಿಂಗ್, ಪ್ಯಾಂಟೋಗ್ರಾಫ್. ಆಮೇಲೆ ಹಳಿಯ ಮೇಲೆ. ಗಾಡಿ ಹೊಸ ಬಗೆಯದಾಗಿದ್ದರೆ ಆಸಿಲೇಷನ್ ಟ್ರಯಲ್ ಎಂದು ಮಾಡುತ್ತಾರೆ. ಡಬ್ಬಿಯೊಳಗೆ ಅಳತೆಯ ಉಪಕರಣ ಇಟ್ಟು, ವೇಗ ಹೆಚ್ಚಿಸುತ್ತಾ ಹೋದಂತೆ ಗಾಡಿ ಎಷ್ಟು ತೂಗಾಡುತ್ತದೆ, ಎಷ್ಟು ಕುಪ್ಪಳಿಸುತ್ತದೆ ಎಂದು ಬರೆದುಕೊಳ್ಳುತ್ತಾರೆ. ಖಾಲಿಯಾಗಿದ್ದಾಗ ಒಮ್ಮೆ, ಮೂಟೆ ತುಂಬಿದಾಗ ಒಮ್ಮೆ. ಮುಂದೆ ಓಡಿಸಬೇಕಾದ ವೇಗಕ್ಕಿಂತ ಶೇಕಡಾ 10ರಷ್ಟು ಹೆಚ್ಚು ವೇಗದಲ್ಲೂ ಓಡಿಸಿ ನೋಡುತ್ತಾರೆ. ಜಾಸ್ತಿ ಓಡಿಸಿ ಪಾಸಾದರೆ ತಾನೇ ಕಡಿಮೆಯಲ್ಲಿ ಧೈರ್ಯ!

ಎರಡನೆಯದು ಬ್ರೇಕು. ಪೂರ್ತಿ ವೇಗದಲ್ಲಿ ಹೋಗುತ್ತಿರುವಾಗ ಎಮರ್ಜೆನ್ಸಿ ಬ್ರೇಕು ಹಾಕಿದರೆ ಗಾಡಿ ಎಷ್ಟು ದೂರದಲ್ಲಿ ನಿಲ್ಲುತ್ತದೆ? ಒಣ ಹಳಿಯಲ್ಲಿ ಎಷ್ಟು, ಒದ್ದೆ ಹಳಿಯಲ್ಲಿ ಎಷ್ಟು? ಜುಲೈ ತಿಂಗಳ ಮುಂಬಯಿ ಮಳೆ ಕಂಡವರಿಗೆ ಈ ಎರಡನೇ ಪ್ರಶ್ನೆಯ ಬೆಲೆ ಗೊತ್ತು. ಇಲ್ಲಿಯೂ ಮೂಟೆಗಳು ಬೇಕು, ಏಕೆಂದರೆ ತುಂಬಿದ ಗಾಡಿಯನ್ನು ನಿಲ್ಲಿಸುವುದು ಖಾಲಿ ಗಾಡಿಯನ್ನು ನಿಲ್ಲಿಸಿದಷ್ಟು ಸುಲಭವಲ್ಲ. ಸಿಗ್ನಲ್‌ಗಳ ನಡುವಿನ ಅಂತರಕ್ಕೂ ಇದಕ್ಕೂ ನೇರ ಸಂಬಂಧ. ಮೂರು ನಾಲ್ಕು ನಿಮಿಷಕ್ಕೊಂದು ಗಾಡಿ ಓಡುವ ಮಾರ್ಗದಲ್ಲಿ ಹಿಂದಿನ ಗಾಡಿ ನಿಲ್ಲಬೇಕಾದಲ್ಲಿ ನಿಲ್ಲದಿದ್ದರೆ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ನಮ್ಮ ಕಣ್ಣಿಗೆ ಕಾಣದ ಪರೀಕ್ಷೆ. ಹಳಿಯಲ್ಲಿ ಸಣ್ಣದೊಂದು ಕರೆಂಟು ಹರಿಸಿ, ಗಾಡಿ ಅಲ್ಲಿ ನಿಂತಿದೆಯೋ ಇಲ್ಲವೋ ಎಂದು ಸಿಗ್ನಲ್ ವ್ಯವಸ್ಥೆ ತಿಳಿದುಕೊಳ್ಳುತ್ತದೆ. ಹೊಸ ಕಾಲದ ಗಾಡಿಗಳಲ್ಲಿ ತ್ರೀ ಫೇಸ್ ಮೋಟರು. ಅವುಗಳನ್ನು ನಡೆಸುವ ಎಲೆಕ್ಟ್ರಾನಿಕ್ ಉಪಕರಣಗಳು ತಮ್ಮದೇ ಆದ ಅನಗತ್ಯ ತರಂಗಗಳನ್ನು ಅದೇ ಹಳಿಗೆ ಬಿಡುತ್ತವೆ. ಆ ತರಂಗ ಸಿಗ್ನಲ್ಲಿನ ಕರೆಂಟಿನ ಜೊತೆ ಕಲಸಿಹೋದರೆ, ಗಾಡಿ ಇರುವ ಹಳಿಯೂ ಖಾಲಿ ಎಂದು ಕಂಡುಬಿಡಬಹುದು. ಆದ್ದರಿಂದ ಗಾಡಿ ಎಷ್ಟೇ ಚೆಂದ ಇರಲಿ, ಈ ಪರೀಕ್ಷೆಯಲ್ಲಿ ಪಾಸಾಗದೆ ಗತಿಯಿಲ್ಲ. ಶೆಡ್ಡಿನಲ್ಲಿ ಹೊಸ ಗಾಡಿ ತಿಂಗಳುಗಟ್ಟಲೆ ನಿಂತಿದೆ, ಇವರೇನು ಮಾಡುತ್ತಿದ್ದಾರೆ ಎಂದು ನಾವು ಡಬ್ಬಿಯಲ್ಲಿ ಕೂತು ಮಾತಾಡುತ್ತೇವಲ್ಲ, ಆಗ ಅವರು ಮಾಡುತ್ತಿರುವ ಕೆಲಸಗಳಲ್ಲಿ ಇದೂ ಒಂದು.

ನಾನು ಹೇಳಿದ ಮೂರೂ ಪರೀಕ್ಷೆಗಳು ಗಾಡಿಯ ತೂಕ, ವೇಗ ಮತ್ತು ಕರೆಂಟಿನವು. ಒಳಗಿರುವವರು ಉಸಿರಾಡುತ್ತಾರೆ ಎಂಬ ಸಂಗತಿ ಲೆಕ್ಕಕ್ಕೆ ಬಂದದ್ದು ಬಹಳ ತಡವಾಗಿ. ಮುಂಬಯಿ ರೈಲ್ ವಿಕಾಸ್ ಕಾರ್ಪೊರೇಷನ್ 1999ರಲ್ಲಿ ಆರಂಭವಾಯಿತು. ವಿಶ್ವಬ್ಯಾಂಕಿನ ಸಾಲದ ನೆರವಿನ ಯೋಜನೆಯಲ್ಲಿ ಹೊಸ ಗಾಡಿಗಳು ಬಂದವು. ಐಸಿಎಫ್ ಡಬ್ಬಿ, ಸೀಮೆನ್ಸ್ ಕಂಪನಿಯ ವಿದ್ಯುತ್ ಉಪಕರಣ. 2007ರ ನವೆಂಬರಿನಲ್ಲಿ ಪಶ್ಚಿಮ ರೈಲ್ವೆಯಲ್ಲಿ ಇವು ಓಡಲು ಶುರುವಾದವು. ಬಿಳಿ ಮತ್ತು ನೇರಳೆ ಬಣ್ಣದ ಆ ಗಾಡಿ ನೆನಪಿದೆಯೇ? ಅದರ ಛಾವಣಿಯಲ್ಲಿ ಹೊರಗಿನ ಗಾಳಿಯನ್ನು ಒಳಗೆ ತಳ್ಳುವ ಬ್ಲೋವರುಗಳಿದ್ದವು. ತುಂಬಿ ತುಳುಕುವ ಡಬ್ಬಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟು ಏರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು ಮಾಡಿದ ವ್ಯವಸ್ಥೆ ಅದು. 1925ರಿಂದ 2007ರವರೆಗೆ 82 ವರ್ಷ. ಮೂಟೆಗೆ ಉಸಿರಾಟ ಬೇಕಿಲ್ಲ, ಮನುಷ್ಯನಿಗೆ ಬೇಕು ಎನ್ನುವುದು ವಿನ್ಯಾಸದ ಕಾಗದಕ್ಕೆ ಇಳಿಯಲು ಇಷ್ಟು ಕಾಲ ಹಿಡಿಯಿತು.

ಇದೇ ಹೊತ್ತಿಗೆ ಲೋಕಲ್‌ನ ದಟ್ಟಣೆಯನ್ನು ಹೇಳಲು ರೈಲ್ವೆಯವರ ದಾಖಲೆಗಳಲ್ಲಿ ಹೊಸ ಪದವೊಂದು ರೂಢಿಗೆ ಬಂತು. ಸೂಪರ್ ಡೆನ್ಸ್ ಕ್ರಷ್ ಲೋಡ್! ಒಂದು ಚದರ ಮೀಟರ್ ಜಾಗದಲ್ಲಿ 14ರಿಂದ 16 ಜನ ನಿಂತಿರುವುದು ಎಂದರ್ಥ. ಮನೆಯಲ್ಲಿ ನೆಲದ ಮೇಲೆ ಒಂದು ಮೀಟರ್ ಚೌಕ ಗೀಚಿ ನೋಡಿ. ಅದರಲ್ಲಿ ಹದಿನಾಲ್ಕು ಜನ!

ಸೀಮೆನ್ಸ್ ಗಾಡಿಗಳಿಗೆ ಇನ್ನೊಂದು ವಿಶೇಷವಿತ್ತು. ಹಳೆಯ 1,500 ವೋಲ್ಟ್ ಡಿಸಿಯಲ್ಲೂ ಹೊಸ 25,000 ವೋಲ್ಟ್ ಎಸಿಯಲ್ಲೂ ಅವು ಓಡಬಲ್ಲವಾಗಿದ್ದವು. ಏಕೆಂದರೆ ಆಗ ಮುಂಬಯಿ ಇಡೀ ತನ್ನ ವಿದ್ಯುತ್ತನ್ನೇ ಬದಲಾಯಿಸುತ್ತಿತ್ತು. ನಮ್ಮ ಥಾಣೆ-ಕಲ್ಯಾಣ್ ಭಾಗ 2014ರ ಜನವರಿ 12ರಂದು ಎಸಿಗೆ ಬಂತು. ಥಾಣೆಯಿಂದ ಆಚೆ ಸಿಎಸ್‌ಟಿ ಕಡೆಯ ಮುಖ್ಯ ಮಾರ್ಗ 2015ರ ಜೂನ್‌ನಲ್ಲಿ ಪೂರ್ತಿಯಾಯಿತು. ಹಾರ್ಬರ್‌ನಲ್ಲಿ 2016ರ ಏಪ್ರಿಲ್‌ನಲ್ಲಿ ಡಿಸಿ ಯುಗ ಮುಗಿಯಿತು. ಎಲ್ಲೂ ಸೇವೆ ಪೂರ್ತಿ ನಿಲ್ಲಿಸುವಂತಿಲ್ಲ. ರಾತ್ರಿಯ ಬ್ಲಾಕಿನಲ್ಲಿ ಬದಲಾಯಿಸಿ, ಖಾಲಿ ಗಾಡಿ ಓಡಿಸಿ ನೋಡಿ, ಬೆಳಿಗ್ಗೆ ಜನರಿಗೆ ಬಿಡಬೇಕು. ಎಸಿ ತಂತಿಗೂ ಸೇತುವೆಗೂ ಹೆಚ್ಚು ಅಂತರ ಬೇಕು. ಹೀಗಾಗಿ ಬೈಕುಲಾ ಬಳಿಯ ಬ್ರಿಟಿಷರ ಕಾಲದ ಹ್ಯಾಂಕಾಕ್ ಸೇತುವೆಯನ್ನು 2016ರ ಜನವರಿಯಲ್ಲಿ ಕೆಡವಬೇಕಾಯಿತು. ನಾನು ಮೊದಲೇ ಹೇಳಿದೆನಲ್ಲ, ಗಾಡಿಯೊಂದನ್ನೇ ಪರೀಕ್ಷಿಸಿದರೆ ಸಾಲದು, ದಾರಿಯನ್ನೂ ನೋಡಬೇಕು ಎಂದು.

ಆ ಮಾತಿಗೆ ಇನ್ನೂ ದೊಡ್ಡ ಉದಾಹರಣೆ ಎಸಿ ಲೋಕಲ್. ಇಲ್ಲಿ ಎಸಿ ಎಂದರೆ ಏರ್ ಕಂಡೀಷನ್. ಮೊದಲ ಗಾಡಿ 2016ರ ಏಪ್ರಿಲ್‌ನಲ್ಲಿ ಐಸಿಎಫ್‌ನಿಂದ ಕುರ್ಲಾ ಕಾರ್‌ಶೆಡ್ಡಿಗೆ ಬಂತು. ಮಧ್ಯ ರೈಲ್ವೆಯ ಪ್ರಯಾಣಿಕರಿಗೆ ಸಂಭ್ರಮ. ಆದರೆ ಗಾಡಿ ಎತ್ತರದಲ್ಲಿ ಕೆಲವೇ ಅಂಗುಲ ಹೆಚ್ಚು! ಕುರ್ಲಾದಿಂದ ಸಿಎಸ್‌ಟಿ ತನಕದ ಹಳೆಯ ಸೇತುವೆಗಳ ಕೆಳಗೆ ಅದನ್ನು ಓಡಿಸುವುದು ಸುರಕ್ಷಿತವಲ್ಲ ಎಂದಾಯಿತು. ಕೊನೆಗೆ ಗಾಡಿ ಪಶ್ಚಿಮ ರೈಲ್ವೆಗೆ ಹೋಯಿತು. ಅಲ್ಲಿ ಪರೀಕ್ಷೆಗಳೆಲ್ಲ ಮುಗಿದು ಬೋರಿವಲಿಯಿಂದ ಚರ್ಚ್‌ಗೇಟಿಗೆ ಜನರನ್ನು ಕೂರಿಸಿಕೊಂಡು ಹೊರಟಿದ್ದು 2017ರ ಡಿಸೆಂಬರ್ 25ರಂದು. ಬಂದ ದಿನದಿಂದ ಇಪ್ಪತ್ತು ತಿಂಗಳು!

ಮಧ್ಯ ರೈಲ್ವೆಗೆ ಎಸಿ ಲೋಕಲ್ ಬಂದದ್ದು 2020ರ ಜನವರಿ 30ರಂದು. ಅದೂ ಮುಖ್ಯ ಮಾರ್ಗದಲ್ಲಲ್ಲ, ಥಾಣೆಯಿಂದ ನವಿ ಮುಂಬಯಿಗೆ ಹೋಗುವ ಟ್ರಾನ್ಸ್-ಹಾರ್ಬರ್ ಮಾರ್ಗದಲ್ಲಿ. ಕಾರಣ ಸರಳ. ಆ ಮಾರ್ಗ ಪ್ರಯಾಣಿಕರಿಗೆ ತೆರೆದದ್ದು 2004ರಲ್ಲಿ. ಬ್ರಿಟಿಷರ ಕಾಲದ ತಗ್ಗು ಸೇತುವೆಗಳ ಕಾಟ ಅಲ್ಲಿಲ್ಲ. ಅಂದ ಹಾಗೆ, ಆ ದಿನ ಹಸಿರು ಬಾವುಟ ತೋರಿಸಿದವರು ನಮ್ಮವರೇ, ಬೆಳಗಾವಿಯ ಸಂಸದ, ಆಗ ರೈಲ್ವೆ ರಾಜ್ಯ ಸಚಿವರಾಗಿದ್ದ ಸುರೇಶ್ ಅಂಗಡಿಯವರು. ಅದೇ ವರ್ಷ ಸೆಪ್ಟೆಂಬರ್ 23ರಂದು ಕೊರೋನಾ ಅವರನ್ನು ಕರೆದೊಯ್ದಿತು. ಎತ್ತರ ತಗ್ಗಿಸಿದ, ಹೈದರಾಬಾದಿನ ಮೇಧಾ ಕಂಪನಿಯ ಉಪಕರಣದ ಗಾಡಿಗಳು ಬಂದ ಮೇಲೆ 2020ರ ಡಿಸೆಂಬರ್ 17ರಿಂದ ಮುಖ್ಯ ಮಾರ್ಗದಲ್ಲೂ ಎಸಿ ಲೋಕಲ್ ಓಡತೊಡಗಿತು.

ತಾಂತ್ರಿಕ ಪರೀಕ್ಷೆಗಳೆಲ್ಲ ಪಾಸು. ಆದರೆ ಇನ್ನೊಂದು ಪರೀಕ್ಷೆ ಉಳಿದಿತ್ತು. 2022ರ ಮೇ ತಿಂಗಳಿನಲ್ಲಿ ಎಸಿ ಲೋಕಲ್‌ನ ಬಿಡಿ ಟಿಕೆಟ್ ದರ ಅರ್ಧಕ್ಕೆ ಇಳಿಯಿತು, ಗಾಡಿಗಳ ಸಂಖ್ಯೆ ಏರಿತು. ಹೊಸ ಎಸಿ ಸೇವೆಗೆ ಹೊಸ ಹಳಿ ಬರಲಿಲ್ಲ, ಸಾಮಾನ್ಯ ಲೋಕಲ್‌ನ ಹೊತ್ತನ್ನೇ ತೆಗೆದುಕೊಳ್ಳಬೇಕಾಯಿತು. ಸಾಮಾನ್ಯ ಪಾಸಿನವನಿಗೆ ತನ್ನ ಗಾಡಿ ಕಣ್ಣೆದುರೇ ಬಾಗಿಲು ಮುಚ್ಚಿಕೊಂಡು ಹೋಗುವುದನ್ನು ನೋಡುವ ಸ್ಥಿತಿ. ಅದೇ ವರ್ಷ ಆಗಸ್ಟ್‌ನಲ್ಲಿ ಕಳವಾ ಕಾರ್‌ಶೆಡ್ ಬಳಿ ಪ್ರಯಾಣಿಕರು ಹಳಿಗಿಳಿದು ಎಸಿ ಗಾಡಿಯನ್ನು ತಡೆದರು, ಬದ್ಲಾಪುರದಲ್ಲೂ ಪ್ರತಿಭಟನೆಯಾಯಿತು. ಕೆಲವೇ ದಿನಗಳಲ್ಲಿ ಮಧ್ಯ ರೈಲ್ವೆ 10 ಎಸಿ ಸೇವೆಗಳನ್ನು ಮತ್ತೆ ಸಾಮಾನ್ಯ ಗಾಡಿಗಳಾಗಿ ಓಡಿಸಿತು. ಗಾಡಿ ಹಳಿಗೆ ಹೊಂದುತ್ತದೆಯೇ ಎಂದು ಅಳೆದಿದ್ದರು, ಸೇತುವೆಗೆ ಹೊಂದುತ್ತದೆಯೇ ಎಂದೂ ಅಳೆದಿದ್ದರು. ಡೊಂಬಿವಲಿಯವರ ಜೇಬಿಗೆ, ಬೆಳಗಿನ ಟೈಮಿಗೆ ಹೊಂದುತ್ತದೆಯೇ ಎಂಬ ಪರೀಕ್ಷೆ ಮಾತ್ರ ಜನರ ಮೇಲೆಯೇ ನಡೆಯಿತು.

ಪರೀಕ್ಷೆಯೆಂದರೆ ವಿಳಂಬ ಎಂದು ಬೇಸರಪಡುವವರಿಗೆ ಒಂದು ಮಾತು. ವಿಳಂಬವೆಲ್ಲ ಪರೀಕ್ಷೆಯಿಂದ ಆಗುವುದಿಲ್ಲ. ನವಿ ಮುಂಬಯಿ ಮೆಟ್ರೋದ ಬೇಲಾಪುರ-ಪೆಂಢರ್ ಮಾರ್ಗ 11 ಕಿಲೋಮೀಟರ್, 11 ನಿಲ್ದಾಣ. ಸಿಡ್ಕೋದ ಈ ಕಾಮಗಾರಿ ಶುರುವಾದದ್ದು 2011ರಲ್ಲಿ. ಚೀನಾದಿಂದ ಗಾಡಿ ಬಂದು ತಳೋಜಾ ಡಿಪೋದಲ್ಲಿ ಓಡಿದ್ದು 2019ರಲ್ಲಿ, ಆರ್‌ಡಿಎಸ್‌ಒ ಆಸಿಲೇಷನ್ ಟ್ರಯಲ್ ಮಾಡಿದ್ದು 2021ರಲ್ಲಿ, ಜನ ಹತ್ತಿದ್ದು 2023ರ ನವೆಂಬರ್ 17ರಂದು. ಇದರ ಪಕ್ಕದಲ್ಲಿ ನಮ್ಮ ಬೆಂಗಳೂರಿನ ಬೆಮೆಲ್ ಕಾರ್ಖಾನೆಯಲ್ಲಿ ತಯಾರಾಗಿ ಮುಂಬಯಿ ಮೆಟ್ರೋದ 2ಎ ಮತ್ತು 7ನೇ ಮಾರ್ಗಗಳಿಗೆ ಬಂದ ಗಾಡಿಗಳನ್ನು ಇಟ್ಟು ನೋಡಿ. 2021ರ ಜನವರಿಯಲ್ಲಿ ಮೊದಲ ಗಾಡಿ ಚಾರ್ಕೋಪ್ ಡಿಪೋಗೆ ಬಂತು, ಮೇ 31ರಂದು ಪರೀಕ್ಷಾ ಓಟಕ್ಕೆ ಚಾಲನೆ ಸಿಕ್ಕಿತು, 2022ರ ಏಪ್ರಿಲ್ 2ರಂದು ಸೇವೆ ಆರಂಭವಾಯಿತು. ಪರೀಕ್ಷೆಗೆ ಬೇಕಾದದ್ದು ತಿಂಗಳುಗಳು. ವರ್ಷಗಳನ್ನು ತಿನ್ನುವುದು ಕಾಮಗಾರಿ, ಕಂತ್ರಾಟು ಮತ್ತು ಹಣ. ದೊಡ್ಡ ಸಾಲದ ಫೈಲು ನೋಡಿದವರಿಗೆ ಇದು ಹೊಸ ವಿಷಯವಲ್ಲ. ಆದರೆ ತಡವಾದಾಗ ಮೊದಲು ಕತ್ತರಿ ಬೀಳುವುದು ಕೊನೆಯಲ್ಲಿ ಉಳಿದಿರುವ ಕೆಲಸಕ್ಕೆ, ಆ ಕೊನೆಯ ಕೆಲಸವೇ ಪರೀಕ್ಷೆ. ಭಯ ಇರುವುದು ಅಲ್ಲಿ.

ಪರೀಕ್ಷೆಯಲ್ಲಿ ಊಹಿಸಿದ್ದಕ್ಕಿಂತ ಹೆಚ್ಚು ಜನ ಹತ್ತಿದರೆ ಏನಾಗುತ್ತದೆ ಎಂಬುದನ್ನು 2025ರ ಆಗಸ್ಟ್ 19ರಂದು ಮುಂಬಯಿ ಕಂಡಿತು. ಭಾರೀ ಮಳೆಯಿಂದ ಹಾರ್ಬರ್ ಲೋಕಲ್ ನಿಂತುಹೋಗಿ, ಜನ ಸಿಕ್ಕ ಮೋನೋರೈಲಿಗೆ ಮುಗಿಬಿದ್ದರು. ಚೆಂಬೂರಿನ ಮೈಸೂರು ಕಾಲೋನಿ ನಿಲ್ದಾಣದ ಬಳಿ ಗಾಡಿ ಕಂಬದ ಮೇಲೆಯೇ ನಿಂತಿತು. 104 ಟನ್ ತಾಳಬಲ್ಲ ಗಾಡಿಯಲ್ಲಿ 109 ಟನ್ ಆಗಿತ್ತು, ವಿದ್ಯುತ್ ಸಂಪರ್ಕ ತಪ್ಪಿತು ಎಂದು ಅಧಿಕಾರಿಗಳು ಹೇಳಿದರು. ಮುಚ್ಚಿದ ಬಾಗಿಲು, ನಿಂತ ಎಸಿ. ಅಗ್ನಿಶಾಮಕ ದಳದವರು 582 ಜನರನ್ನು ಇಳಿಸಿದರು. ಅದೇ ನವೆಂಬರ್ 5ರಂದು ವಡಾಲಾದಲ್ಲಿ ಹೊಸ ಮೋನೋರೈಲು ಗಾಡಿಯೊಂದು ಪರೀಕ್ಷಾ ಓಟದಲ್ಲಿಯೇ ವಾಲಿಕೊಂಡಿತು. ಒಳಗೆ ಪ್ರಯಾಣಿಕರು ಇರಲಿಲ್ಲ. ಪತ್ರಿಕೆಗಳಲ್ಲಿ ಇದು ನಗೆಪಾಟಲಾಯಿತು. ನನಗೆ ಮಾತ್ರ ಅನ್ನಿಸಿದ್ದು, ಪರೀಕ್ಷೆ ಇರುವುದೇ ಇದಕ್ಕಲ್ಲವೇ? ಗಾಡಿ ವಾಲುವುದಿದ್ದರೆ ಜನರಿಲ್ಲದಾಗಲೇ ವಾಲಲಿ.

ಈಗ ಕಥೆಯ ಕಷ್ಟದ ಭಾಗಕ್ಕೆ ಬರುತ್ತೇನೆ. 2025ರ ಜೂನ್ 9ರಂದು ಬೆಳಿಗ್ಗೆ ಮುಂಬ್ರಾ ಬಳಿ, ತಿರುವಿನಲ್ಲಿ, ಎದುರುಬದುರಾಗಿ ಹಾದುಹೋದ ಎರಡು ಲೋಕಲ್‌ಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಒಬ್ಬರಿಗೊಬ್ಬರು ತಗುಲಿ ಹಳಿಗೆ ಬಿದ್ದರು. ಅಂದೇ ನಾಲ್ವರು ಸತ್ತರು, ಹಲವರು ಗಾಯಗೊಂಡರು. ಆ ತಿರುವು ಡೊಂಬಿವಲಿ-ಕಲ್ಯಾಣದ ನಮಗೆಲ್ಲ ಗೊತ್ತಿರುವ ತಿರುವು, ದಿನಾ ಎರಡು ಸಲ ದಾಟುವ ತಿರುವು. ಎರಡೂ ಗಾಡಿಗಳು ತಮ್ಮ ಕಾಲದಲ್ಲಿ ಪರೀಕ್ಷೆಗಳನ್ನು ದಾಟಿ ಬಂದ ಗಾಡಿಗಳೇ. ತೂಗಾಟದ ಅಳತೆ, ಬ್ರೇಕಿನ ಅಳತೆ, ಮೂಟೆಗಳ ಲೆಕ್ಕ ಎಲ್ಲ ಆಗಿತ್ತು. ಆದರೆ ಮರಳಿನ ಮೂಟೆ ಫುಟ್‌ಬೋರ್ಡಿನ ಮೇಲೆ ಒಂದೇ ಕಾಲಿಟ್ಟು ನಿಲ್ಲುವುದಿಲ್ಲ. ಹೆಗಲ ಮೇಲೆ ಬ್ಯಾಗು ಹಾಕಿಕೊಂಡು ಹೊರಗೆ ಚಾಚಿಕೊಳ್ಳುವುದಿಲ್ಲ. ಆಫೀಸಿಗೆ ತಡವಾದರೆ ಅದಕ್ಕೆ ಲೇಟ್ ಮಾರ್ಕು ಬೀಳುವುದಿಲ್ಲ. ಆದ್ದರಿಂದ ಎರಡು ಗಾಡಿಗಳ ನಡುವಿನ ಜಾಗವನ್ನು ಅಳೆಯುವಾಗ ಡಬ್ಬಿಯಿಂದ ಡಬ್ಬಿಗೆ ಅಳೆಯುತ್ತಾರೆಯೇ ಹೊರತು, ಬ್ಯಾಗಿನಿಂದ ಬ್ಯಾಗಿಗೆ ಅಳೆಯುವುದಿಲ್ಲ.

ಆ ದಿನವೇ ರೈಲ್ವೆ ಘೋಷಿಸಿತು, ಮುಂಬಯಿಗೆ ಮುಂದೆ ಬರುವ ಎಲ್ಲ ಲೋಕಲ್‌ಗಳಿಗೂ ತಂತಾನೆ ಮುಚ್ಚುವ ಬಾಗಿಲು ಇರುತ್ತದೆ, ಎಸಿ ಇಲ್ಲದ ಗಾಡಿಗಳಿಗೂ ಸೇರಿ. ಬಾಗಿಲಲ್ಲಿ ಗಾಳಿಯಾಡುವ ಪಟ್ಟಿಗಳು, ಛಾವಣಿಯಿಂದ ಗಾಳಿ, ಡಬ್ಬಿಯಿಂದ ಡಬ್ಬಿಗೆ ಹೋಗುವ ದಾರಿ - ಇದು ಯೋಜನೆಯ ರೂಪ. ಯೋಚನೆ ಹೊಸದಲ್ಲ. 2015ರಲ್ಲೇ ಪಶ್ಚಿಮ ರೈಲ್ವೆಯವರು ಒಂದು ಮಹಿಳಾ ಡಬ್ಬಿಗೆ ಇಂಥ ಬಾಗಿಲು ಹಾಕಿ ನೋಡಿದ್ದರು. ಅದೇ ವರ್ಷದ ಕೊನೆಯಲ್ಲಿ ಡೊಂಬಿವಲಿಯ ಯುವಕನೊಬ್ಬ ಬಾಗಿಲಿನಿಂದ ಜಾರಿ ಬಿದ್ದು ಸತ್ತ ವೀಡಿಯೋ ಊರೆಲ್ಲ ಹರಿದಾಡಿತ್ತು. ಆಗಲೂ ಬಾಗಿಲಿನ ಮಾತು ಬಂದಿತ್ತು. ಮತ್ತೆ ಹತ್ತು ವರ್ಷ ಬೇಕಾಯಿತು.

ಇಷ್ಟು ತಡ ಏಕೆ ಎನ್ನುವುದಕ್ಕೆ ನಮ್ಮ ಬ್ಯಾಂಕಿನವರ ಲೆಕ್ಕವೇ ಸಾಕು. ಸಿಎಸ್‌ಎಂಟಿಯಿಂದ ಕಲ್ಯಾಣಕ್ಕೆ ಸ್ಲೋ ಗಾಡಿಯಲ್ಲಿ ಹೊರಟರೆ ನಡುವೆ 24 ನಿಲ್ದಾಣ. ಬಾಗಿಲು ಮುಚ್ಚಲು ಪ್ರತಿ ನಿಲ್ದಾಣದಲ್ಲಿ 10 ಸೆಕೆಂಡು ಹೆಚ್ಚು ಹಿಡಿದರೆ 240 ಸೆಕೆಂಡು, ಅಂದರೆ 4 ನಿಮಿಷ. ಬೆಳಗಿನ ಹೊತ್ತು ಎರಡು ಗಾಡಿಗಳ ನಡುವಿನ ಅಂತರವೇ ಹೆಚ್ಚುಕಡಿಮೆ ಅಷ್ಟು. ಹಿಂದಿನ ಗಾಡಿ ಕಾಯಬೇಕು, ಅದರ ಹಿಂದಿನದೂ ಕಾಯಬೇಕು. ದಿನದ ಕೊನೆಗೆ ಗಾಡಿಗಳ ಸಂಖ್ಯೆ ಕಡಿಮೆಯಾದರೆ ಉಳಿದವುಗಳಲ್ಲಿ ನೂಕುನುಗ್ಗಲು ಇನ್ನೂ ಜಾಸ್ತಿ. ಜೀವ ಉಳಿಸಲು ಹಾಕಿದ ಬಾಗಿಲೇ ಪ್ಲಾಟ್‌ಫಾರ್ಮಿನ ಮೇಲೆ ಜನ ಕಟ್ಟಿಕೊಳ್ಳುವಂತೆ ಮಾಡಬಹುದು. ಹಾಗಂತ ಬಾಗಿಲು ಬೇಡ ಎಂದು ನಾನು ಹೇಳುತ್ತಿಲ್ಲ, ಖಂಡಿತ ಬೇಕು. ಆದರೆ ಆ ಬಾಗಿಲನ್ನು ಖಾಲಿ ಹಳಿಯ ಮೇಲೆ, ಮೂಟೆ ತುಂಬಿದ ಡಬ್ಬಿಯಲ್ಲಿ ಸಾವಿರ ಸಲ ತೆಗೆದು ಮುಚ್ಚಿದರೂ ನಿಜವಾದ ಉತ್ತರ ಸಿಗುವುದಿಲ್ಲ.

ಅಂಥ ಗಾಡಿಗೆ ಮೂರು ಪ್ರಶ್ನೆಗಳನ್ನು ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ, ಬೆಳಗಿನ ಎಂಟು ಗಂಟೆಯ ನಂತರ ಕೇಳಬೇಕು. ಬಾಗಿಲಲ್ಲಿ ಇನ್ನೂ ನಾಲ್ಕು ಜನ ನೂಕುತ್ತಿರುವಾಗ ಅದು ಎಷ್ಟು ಸೆಕೆಂಡಿನಲ್ಲಿ ಮುಚ್ಚುತ್ತದೆ? ಮಳೆಯಲ್ಲಿ ಕರೆಂಟು ಹೋಗಿ ಗಾಡಿ ಖಾಡಿಯ ಸೇತುವೆಯ ಮೇಲೆ ಅರ್ಧ ಗಂಟೆ ನಿಂತರೆ ಒಳಗಿನವರಿಗೆ ಗಾಳಿ ಎಲ್ಲಿಂದ? ಅಪಾಯದ ಹೊತ್ತಿನಲ್ಲಿ ಒಳಗಿನಿಂದ ಬಾಗಿಲು ತೆಗೆಯುವುದು ಹೇಗೆಂದು ಕಿಕ್ಕಿರಿದ ಡಬ್ಬಿಯಲ್ಲಿರುವ ಅಜ್ಜಿಗೂ ಗೊತ್ತಾಗುವಂತೆ ಬರೆದಿದೆಯೇ? ಈ ಮೂರಕ್ಕೂ ಅಳತೆಯ ಉಪಕರಣಗಳಿವೆ. ಸೆಕೆಂಡು ಎಣಿಸಬಹುದು, ಗಾಳಿ ಅಳೆಯಬಹುದು, ಓದಿಸಿ ನೋಡಬಹುದು. ಅದಕ್ಕೆ ಬೇಕಾದದ್ದು ಮರಳಿನ ಬದಲು ಮನುಷ್ಯರನ್ನು, ನಿಯಂತ್ರಣದಲ್ಲಿ, ಸ್ವಇಚ್ಛೆಯಿಂದ ಕರೆದುಕೊಂಡು ಮಾಡುವ ಪರೀಕ್ಷೆ.

1852ರಲ್ಲಿ ಗಾಡಿಯ ಯಜಮಾನರೇ ಪರೀಕ್ಷಾ ಓಟದಲ್ಲಿ ಕೂತಿದ್ದರು. ಆಗ ಪರೀಕ್ಷೆಗೂ ಪ್ರಯಾಣಕ್ಕೂ ವ್ಯತ್ಯಾಸವಿರಲಿಲ್ಲ. ಆಮೇಲೆ ಪರೀಕ್ಷೆಗೆ ಮರಳು, ಪ್ರಯಾಣಕ್ಕೆ ನಾವು ಎಂದಾಯಿತು. ಗಾಳಿಯ ಪ್ರಶ್ನೆ 2007ರಲ್ಲಿ ಸೇರಿತು, ಸೇತುವೆಯ ಎತ್ತರ 2016ರಲ್ಲಿ, ಜನರ ಜೇಬು 2022ರಲ್ಲಿ, ಬಾಗಿಲು 2025ರಲ್ಲಿ. ಪಟ್ಟಿ ಉದ್ದವಾಗುತ್ತಿದೆ, ಅದು ಒಳ್ಳೆಯದೇ. ಆದರೆ ಗಾಳಿಯ ಪ್ರಶ್ನೆ ಸೇರಲು ಜನ ದಶಕಗಟ್ಟಲೆ ಉಸಿರುಗಟ್ಟಿ ಓಡಾಡಬೇಕಾಯಿತು, ಬಾಗಿಲಿನದು ಸೇರಲು ಮುಂಬ್ರಾದಲ್ಲಿ ಜೀವಗಳೇ ಹೋಗಬೇಕಾಯಿತು.

ಇನ್ನು ಮುಂದೆ ಯಾವತ್ತಾದರೂ ನಿಮ್ಮ ಪ್ಲಾಟ್‌ಫಾರ್ಮಿನಲ್ಲಿ ಹೊಸ ಗಾಡಿಯೊಂದು ನಿಲ್ಲದೆ, ಮೂಟೆ ಹೇರಿಕೊಂಡು ನಿಧಾನವಾಗಿ ಹಾದುಹೋದರೆ, ಛೇ, ಖಾಲಿ ಗಾಡಿ ಹೋಯಿತಲ್ಲ ಎಂದು ಬೈಯಬೇಡಿ. ಅದು ನಮ್ಮ ಸೀಟನ್ನೇ ಕೂತು ನೋಡುತ್ತಿದೆ. ಎಷ್ಟು ತಿಂಗಳು ಬೇಕಾದರೂ ಓಡಲಿ. ನಾವು ಇನ್ನೊಂದಷ್ಟು ದಿನ ಫೋರ್ತ್ ಸೀಟಿನ ತುದಿಯಲ್ಲಿ ಅಡ್ಜಸ್ಟ್ ಮಾಡಿಕೊಂಡರಾಯಿತು, ಆಗದೇ?